ಥೈರಾಯ್ಡ್ ಹಾರ್ಮೋನುಗಳು: ಕಾರ್ಯ, ವೈಷಮ್ಯ ಮತ್ತು ಕೊಳತ್ತೂರು ಸೀಮೆಯ ಆಹಾರ

ಥೈರಾಯ್ಡ್ ಹಾರ್ಮೋನುಗಳೆಂದರೆ ಕತ್ತಿನ ಮುಂಭಾಗದ ಥೈರಾಯ್ಡ್ ಗ್ರಂಥಿಯು ಆಹಾರದಿಂದ ದೊರೆತ ಅಯೋಡಿನ್ನನ್ನು ಟೈರೋಸಿನ್ ಎಂಬ ಅಮೈನೋ ಆಮ್ಲದೊಡನೆ ಕೂಡಿಸಿ ನಿರ್ಮಿಸಿ ನೇರವಾಗಿ ರಕ್ತಕ್ಕೆ ಬಿಡತಕ್ಕ, ದೇಹದ ಬಹುತೇಕ ಎಲ್ಲ ಜೀವಕೋಶಗಳ ಚಯಾಪಚಯದ ವೇಗವನ್ನೂ ಶಿಶುವಿನ ಮಿದುಳು ಮತ್ತು ಮೂಳೆಗಳ ಬೆಳವಣಿಗೆಯನ್ನೂ ನಿಯಂತ್ರಿಸುವ ಎರಡು ರಾಸಾಯನಿಕ ದ್ರವ್ಯಗಳು. ನಾಲ್ಕು ಅಯೋಡಿನ್ ಪರಮಾಣುಗಳುಳ್ಳ ಥೈರಾಕ್ಸಿನ್ನಿಗೆ ಟಿ-4 ಎಂದೂ ಮೂರು ಪರಮಾಣುಗಳುಳ್ಳ ಟ್ರೈಅಯೋಡೋಥೈರೋನಿನ್ನಿಗೆ ಟಿ-3 ಎಂದೂ ಸಂಕ್ಷಿಪ್ತನಾಮಗಳುಂಟು. ಇದೇ ಗ್ರಂಥಿಯ ಬೇರೊಂದು ಜಾತಿಯ ಕೋಶಗಳಿಂದ ಹೊರಡುವ ಕ್ಯಾಲ್ಸಿಟೋನಿನ್ನು ರಕ್ತದ ಸುಣ್ಣದಂಶಕ್ಕೆ ಸಂಬಂಧಪಟ್ಟದ್ದಾದುದರಿಂದ ಅದನ್ನು ಈ ಹೆಸರಿನಲ್ಲಿ ಸೇರಿಸುವ ರೂಢಿಯಿಲ್ಲ. ಈ ಲೇಖನದಲ್ಲಿ ಹಾರ್ಮೋನಿನ ಕೊರತೆಗೆ ಊನಸ್ರಾವವೆಂದೂ ಹೆಚ್ಚಳಕ್ಕೆ ಅತಿಸ್ರಾವವೆಂದೂ, ಕಾರಣವೇನೇ ಇರಲಿ, ಗ್ರಂಥಿ ದಪ್ಪವಾಗುವುದಕ್ಕೆ ಗಳಗಂಡವೆಂದೂ ಹೇಳಿದೆ. ಗಳಗಂಡವುಳ್ಳವರಲ್ಲಿ ಹಾರ್ಮೋನು ಕಡಿಮೆಯಾಗಿರಬಹುದು, ಹೆಚ್ಚಾಗಿರಬಹುದು, ಸರಿಯಾಗಿಯೂ ಇರಬಹುದು. ಈ ಮೂರು ಶಬ್ದಗಳನ್ನು ಒಂದಕ್ಕೊಂದು ಪರ್ಯಾಯವಾಗಿ ಬಳಸುವುದರಿಂದಲೇ ಜನರಲ್ಲಿ ಬಹಳಷ್ಟು ಗೊಂದಲ ಹುಟ್ಟಿದೆ.

ಅರಿವಿನ ಇತಿಹಾಸ

ಗಂಟಲಿನಲ್ಲಿ ತೂಗಾಡುವ ಊತವನ್ನು ಸುಶ್ರುತ ಸಂಹಿತೆಯು ಗಳಗಂಡವೆಂದು ಹೆಸರಿಸಿ ವಾತ, ಕಫ, ಮೇದಸ್ಸುಗಳಿಂದ ಅದು ಮೂರು ವಿಧವೆಂದು ವಿಭಾಗಿಸಿದೆ. ಕನ್ನಡದ ವೈದ್ಯಗ್ರಂಥಗಳಿಗೆ ಆ ಶಬ್ದವು ಅಲ್ಲಿಂದಲೇ ಬಂದದ್ದು. ಗ್ರಂಥಿಗೆ ಇಂದಿನ ಹೆಸರನ್ನಿಟ್ಟವನು ಇಂಗ್ಲೆಂಡಿನ ಥಾಮಸ್ ವಾರ್ಟನ್. ಗ್ರೀಕರ ಗುರಾಣಿಯ ಹೆಸರಿನಿಂದ 1656ರಲ್ಲಿ ಅವನು ಕಟ್ಟಿದ ಆ ಶಬ್ದವನ್ನನುಸರಿಸಿ ಕನ್ನಡದಲ್ಲಿಯೂ ಗುರಾಣಿ ಗ್ರಂಥಿಯೆಂಬ ಪದ ಕೆಲವು ಕಾಲ ಬಳಕೆಯಲ್ಲಿತ್ತು. 1811ರಲ್ಲಿ ಕಡಲಪಾಚಿಯ ಬೂದಿಯಿಂದ ಕೂರ್ತ್ವಾ ಅಯೋಡಿನ್ನನ್ನು ಪ್ರತ್ಯೇಕಿಸಿದ ಒಂಬತ್ತು ವರ್ಷಗಳಲ್ಲಿಯೇ ಜಿನೀವಾದ ಕ್ವಾಂದೆ ಅದನ್ನು ಗಳಗಂಡಕ್ಕೆ ಔಷಧವಾಗಿ ಕೊಟ್ಟನಾದರೂ, ಗ್ರಂಥಿಯೊಳಗೇ ಅಯೋಡಿನ್ ಇದೆಯೆಂಬುದು ಬೌಮನ್ನನಿಂದ ತಿಳಿದುಬರಲು 1895ರವರೆಗೆ ಕಾಯಬೇಕಾಯಿತು.

ಗ್ರಂಥಿಯ ಪ್ರಯೋಜನವೇನೆಂಬುದನ್ನು ವೈದ್ಯರು ಕಲಿತದ್ದು ಅದನ್ನು ಕಳೆದುಕೊಂಡವರಿಂದ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಥಿಯೋಡೋರ್ ಕೋಹರ್ ಗಳಗಂಡವನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದ ತನ್ನ ರೋಗಿಗಳು ಕೆಲವು ತಿಂಗಳ ಮೇಲೆ ಬಾತು, ಮಂಕಾಗಿ, ಬುದ್ಧಿ ಮಂದವಾಗಿ ಹಿಂತಿರುಗಿದುದನ್ನು ಕಂಡು 1883ರಲ್ಲಿ ಅದನ್ನು ಮರೆಮಾಚದೆ ಪ್ರಕಟಿಸಿದನು. 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ಸಂದಿತು. 1891ರಲ್ಲಿ ಜಾರ್ಜ್ ಮರೆ ಎಂಬ ವೈದ್ಯನು ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ ಕೊಟ್ಟ ಮಹಿಳೆಯು ಆ ಬಳಿಕ 28 ವರ್ಷ ಬದುಕಿದ್ದಳು. ಥೈರಾಕ್ಸಿನ್ನಿನ ಶುದ್ಧ ಹರಳುಗಳು ಅಮೆರಿಕದ ಕೆಂಡಾಲನಿಗೆ ದೊರೆತದ್ದು 1914ರ ಡಿಸೆಂಬರ್ 25ರಂದು. ಅದರ ರಚನೆಯನ್ನು ಹ್ಯಾರಿಂಗ್ಟನ್ 1926ರಲ್ಲಿ ನಿರ್ಣಯಿಸಿದನು. ಟಿ-3 ಇರುವುದು ಗೊತ್ತಾದದ್ದಾದರೋ 1952ರಲ್ಲಿ, ಗ್ರಾಸ್ ಮತ್ತು ಪಿಟ್-ರಿವರ್ಸ್ ಎಂಬವರಿಂದ.

ಗ್ರಂಥಿಯ ರಚನೆ

ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳದ ಇಕ್ಕೆಲಗಳಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಹರಡಿರುವ ಎರಡು ಹಾಲೆಗಳೂ ಅವನ್ನು ನಡುವೆ ಬೆಸೆಯುವ ಒಂದು ಪಟ್ಟಿಯೂ ಕೂಡಿ ಥೈರಾಯ್ಡ್ ಗ್ರಂಥಿಯಾಗಿದೆ. ವಯಸ್ಕರಲ್ಲಿ ಇದರ ತೂಕ 15ರಿಂದ 25 ಗ್ರಾಂ. ಉಗುಳು ನುಂಗುವಾಗ ಧ್ವನಿಪೆಟ್ಟಿಗೆಯೊಡನೆ ಮೇಲೇರಿ ಕೆಳಗಿಳಿಯುವುದು ಈ ಗ್ರಂಥಿಯ ವಿಶೇಷ ಲಕ್ಷಣ. ಆದುದರಿಂದಲೇ ಕತ್ತಿನ ಊತವನ್ನು ಪರೀಕ್ಷಿಸುವ ವೈದ್ಯರು ರೋಗಿಯ ಕೈಗೆ ಒಂದು ಲೋಟ ನೀರನ್ನು ಕೊಟ್ಟು ಗುಟುಕರಿಸಲು ಹೇಳುವರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗ್ರಂಥಿಯು ಅಸಂಖ್ಯಾತ ಕಿರುಚೀಲಗಳ ಸಮೂಹವಾಗಿ ಕಾಣುವುದು. ಪ್ರತಿಯೊಂದು ಚೀಲದ ಗೋಡೆಯು ಒಂದೇ ಸಾಲಿನ ಕೋಶಗಳಿಂದಾಗಿದ್ದು, ಒಳಗೆ ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನಿನಿಂದ ಗಟ್ಟಿಯಾದ ಲೋಳೆದ್ರವವು ತುಂಬಿರುತ್ತದೆ. ಎರಡು ಮೂರು ತಿಂಗಳಿಗಾಗುವಷ್ಟು ಹಾರ್ಮೋನು ಈ ಲೋಳೆಯಲ್ಲಿ ದಾಸ್ತಾನಾಗಿರುವುದು ಇತರ ಅಂತಃಸ್ರಾವಕ ಗ್ರಂಥಿಗಳಲ್ಲಿ ಕಾಣದ ಏರ್ಪಾಡು.

ಉತ್ಪಾದನೆ ಮತ್ತು ನಿಯಂತ್ರಣ

ಆಹಾರದ ಅಯೋಡಿನ್ನು ಅಯೋಡೈಡ್ ರೂಪದಲ್ಲಿ ರಕ್ತವನ್ನು ಸೇರಿದ ಬಳಿಕ, ಕಿರುಚೀಲದ ಕೋಶಗಳು ಸೋಡಿಯಮಿನೊಡನೆ ಅದನ್ನು ಒಳಕ್ಕೆಳೆದುಕೊಂಡು ರಕ್ತದಲ್ಲಿರುವುದಕ್ಕಿಂತ ಹಲವಾರು ಪಟ್ಟು ಸಾಂದ್ರವಾಗಿ ಶೇಖರಿಸುತ್ತವೆ. ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವವು ಆ ಅಯೋಡಿನ್ನನ್ನು ಥೈರೋಗ್ಲಾಬ್ಯುಲಿನ್ನಿನ ಟೈರೋಸಿನ್ ಘಟಕಗಳಿಗೆ ಒಂದೊಂದಾಗಿ ಇಲ್ಲವೆ ಎರಡೆರಡಾಗಿ ಅಂಟಿಸಿ, ಅಂಥ ಘಟಕಗಳ ಜೋಡಿಗಳನ್ನು ಬೆಸೆಯುವುದು: ಎರಡು ಎರಡು ಕೂಡಿದರೆ ಟಿ-4, ಒಂದು ಎರಡು ಕೂಡಿದರೆ ಟಿ-3. ಈ ಕಿಣ್ವದ ನಡುವೆ ಕಬ್ಬಿಣವಿದೆ. ಆದಕಾರಣ ಕಬ್ಬಿಣ ಸಾಲದೆ ರಕ್ತಹೀನತೆಯುಳ್ಳ ಹೆಂಗಸಿನಲ್ಲಿ ಅಯೋಡಿನ್ ಸಾಕಷ್ಟಿದ್ದರೂ ಹಾರ್ಮೋನಿನ ತಯಾರಿಕೆ ಕುಂಠಿತವಾಗಬಹುದು.

ಗ್ರಂಥಿಯಿಂದ ಹೊರಡುವುದು ಬಹುಪಾಲು ಟಿ-4. ಕೆಲಸ ಮಾಡುವುದಾದರೋ ಟಿ-3. ದೇಹದ ಟಿ-3ರಲ್ಲಿ ಶೇಕಡಾ 80ರಷ್ಟು ಪಿತ್ತಜನಕಾಂಗ, ಮೂತ್ರಪಿಂಡ ಮೊದಲಾದೆಡೆಗಳಲ್ಲಿ, ಸೆಲೆನಿಯಮ್ ಉಳ್ಳ ಕಿಣ್ವಗಳು ಟಿ-4ರಿಂದ ಒಂದು ಅಯೋಡಿನ್ನನ್ನು ಕಳಚುವುದರಿಂದ ಉಂಟಾಗುತ್ತದೆ. ರಕ್ತದಲ್ಲಿ ಇವೆರಡೂ ಪ್ರೋಟೀನುಗಳಿಗೆ ಅಂಟಿಕೊಂಡೇ ಸಂಚರಿಸುವುವು, ಬಿಡಿಯಾಗಿರುವುದು ಅತ್ಯಲ್ಪ ಭಾಗ ಮಾತ್ರ. ಟಿ-4ರ ಅರ್ಧಾಯುಷ್ಯ ಸುಮಾರು 7 ದಿನ, ಟಿ-3ರದು ಸುಮಾರು 1 ದಿನ. ಒಂದು ದಿನ ಮಾತ್ರೆ ಮರೆತರೆ ಕೂಡಲೇ ತೊಂದರೆಯಾಗದಿರುವುದಕ್ಕೂ, ಮಾತ್ರೆಯ ಪ್ರಮಾಣವನ್ನು ಬದಲಾಯಿಸಿದ ಬಳಿಕ ಆರು ವಾರ ಕಳೆಯದೆ ರಕ್ತಪರೀಕ್ಷೆಯಿಂದ ಸರಿಯಾದ ನಿರ್ಣಯ ದೊರೆಯದಿರುವುದಕ್ಕೂ ಈ ನಿಧಾನಗತಿಯೇ ಕಾರಣ.

ಉತ್ಪಾದನೆಯ ಹತೋಟಿ ಮಿದುಳಿನ ಬುಡದಲ್ಲಿದೆ. ಪಿಟ್ಯೂಟರಿ ಗ್ರಂಥಿಯಿಂದ ಹೊರಡುವ ಥೈರಾಯ್ಡ್ ಪ್ರಚೋದಕ ಹಾರ್ಮೋನು, ಅಂದರೆ ಪ್ರಯೋಗಾಲಯದ ವರದಿಗಳಲ್ಲಿ ಟಿ.ಎಸ್.ಎಚ್. ಎಂದು ಅಚ್ಚಾಗುವುದು, ರಕ್ತದಲ್ಲಿ ಥೈರಾಕ್ಸಿನ್ ಕುಗ್ಗಿದೊಡನೆ ಏರಿ ಗ್ರಂಥಿಯನ್ನು ದುಡಿಸುತ್ತದೆ, ಹೆಚ್ಚಿದೊಡನೆ ಇಳಿದು ಅದಕ್ಕೆ ವಿರಾಮ ಕೊಡುತ್ತದೆ. ವಯಸ್ಕರಲ್ಲಿ ಸಾಮಾನ್ಯವಾಗಿ ಲೀಟರಿಗೆ 0.4ರಿಂದ 4 ಮಿಲಿ ಘಟಕಗಳು ಸ್ವಸ್ಥ ಪರಿಮಿತಿಯೆನಿಸಿವೆ. ಟಿ.ಎಸ್.ಎಚ್. ಹೆಚ್ಚಾಗಿದೆಯೆಂದರೆ ಹಾರ್ಮೋನು ಸಾಲದೆಂದು ಅರ್ಥ. ವರದಿಯಲ್ಲಿ ಅಂಕಿ ದೊಡ್ಡದಾಗಿರುವುದನ್ನು ಕಂಡು ತಮಗೆ ‘ಥೈರಾಯ್ಡ್ ಜಾಸ್ತಿಯಾಗಿದೆ’ ಎಂದು ತಿಳಿಯುವವರು ಅನೇಕರು, ಆದರೆ ವಸ್ತುಸ್ಥಿತಿ ತದ್ವಿರುದ್ಧವಾಗಿರುತ್ತದೆ.

ಹಾರ್ಮೋನುಗಳ ಕಾರ್ಯ

ಟಿ-3 ಜೀವಕೋಶದ ಕೇಂದ್ರವನ್ನು ಹೊಕ್ಕು ಅಲ್ಲಿನ ಗ್ರಾಹಕ ಪ್ರೋಟೀನುಗಳಿಗೆ ಕೂಡಿಕೊಂಡು, ಕೆಲವು ಜೀನುಗಳನ್ನು ಎಚ್ಚರಿಸಿ ಕೆಲವನ್ನು ಅಡಗಿಸುತ್ತದೆ. ಇದರ ಫಲವಾಗಿ ಆಮ್ಲಜನಕದ ಬಳಕೆ ಹೆಚ್ಚಿ ಶಾಖ ಹುಟ್ಟುವುದು, ಹೃದಯದ ಬಡಿತ ಚುರುಕಾಗುವುದು, ಕರುಳು ಚಲಿಸುವುದು, ಕೊಬ್ಬು ಕರಗುವುದು, ಚರ್ಮ ಕೂದಲುಗಳು ಹೊಸತಾಗುವುವು. ಚುರುಕುಗೊಳಿಸುವುದು ಮಾತ್ರವೇ ಇದರ ಕಾರ್ಯವಲ್ಲ, ರೂಪಗೊಳಿಸುವುದೂ ಹೌದು. ಗೊದಮೊಟ್ಟೆಗಳಿಗೆ ಥೈರಾಯ್ಡ್ ತಿನ್ನಿಸಿದರೆ ಅವು ಇನ್ನೂ ಚಿಕ್ಕವಾಗಿರುವಾಗಲೇ ಬಾಲ ಕಳೆದುಕೊಂಡು ಕಾಲು ಮೂಡಿ ನೊಣದ ಗಾತ್ರದ ಕಪ್ಪೆಗಳಾಗುವುದನ್ನು ಗುಡರ್‌ನಾಚ್ 1912ರಲ್ಲಿ ತೋರಿಸಿದನು. ಗ್ರಂಥಿಯನ್ನು ತೆಗೆದ ಗೊದಮೊಟ್ಟೆಯು ಎಷ್ಟು ದೊಡ್ಡದಾದರೂ ಗೊದಮೊಟ್ಟೆಯಾಗಿಯೇ ಉಳಿಯುವುದು.

ಮನುಷ್ಯಶಿಶುವಿನಲ್ಲಿ ಇದಕ್ಕೆ ಸಮನಾದ ಕಾರ್ಯ ನಡೆಯುವುದು ಮಿದುಳಿನಲ್ಲಿ. ನರಕೋಶಗಳು ತಮ್ಮ ತಮ್ಮ ಸ್ಥಾನಗಳಿಗೆ ಸರಿದು, ಕವಲೊಡೆದು, ಒಂದಕ್ಕೊಂದು ಸಂಬಂಧ ಕಟ್ಟಿಕೊಳ್ಳುವುದಕ್ಕೆ ಈ ಹಾರ್ಮೋನು ಅವಶ್ಯಕ. ಭ್ರೂಣದ ಸ್ವಂತ ಗ್ರಂಥಿಯು ಗರ್ಭದ ನಡುಗಾಲದವರೆಗೆ ಸಾಕಷ್ಟು ಕೆಲಸ ಮಾಡಲಾರದಾದುದರಿಂದ ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಕ್ಸಿನ್ನೇ ಮಗುವಿನ ಮಿದುಳಿಗೂ ಆಧಾರ. ವಯಸ್ಕರಲ್ಲಿ ಹಾರ್ಮೋನಿನ ಕೊರತೆಯಿಂದಾದ ಮಂಕು ಔಷಧದಿಂದ ಬಹುಮಟ್ಟಿಗೆ ಕಳೆಯುವುದು. ಗರ್ಭದಲ್ಲಿಯೂ ಜನನದ ಮೊದಲ ತಿಂಗಳುಗಳಲ್ಲಿಯೂ ಆದ ನಷ್ಟವು ಮರಳಿ ತುಂಬುವಂಥದಲ್ಲ. ಈ ವಿಷಯದಲ್ಲಿ ಅರಿತಿರಬೇಕಾದ ಸಂಗತಿಗಳಲ್ಲೆಲ್ಲ ಮುಖ್ಯವಾದುದು ಇದೇ.

ಊನಸ್ರಾವ

ಅಯೋಡಿನ್ ದೊರೆಯುವ ಪ್ರದೇಶಗಳಲ್ಲಿ ಊನಸ್ರಾವಕ್ಕೆ ಪ್ರಧಾನ ಕಾರಣ, ಜಪಾನಿನ ಹಕರು ಹಶಿಮೊಟೊ 1912ರಲ್ಲಿ ವರ್ಣಿಸಿದ ಉರಿಯೂತ. ದೇಹದ ರಕ್ಷಣಾವ್ಯವಸ್ಥೆಯೇ ಗ್ರಂಥಿಯನ್ನು ಪರಕೀಯವೆಂದು ಎಣಿಸಿ ವರ್ಷಾನುಗಟ್ಟಲೆ ಸವೆಸುವ ಈ ರೋಗವು ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಲಕ್ಷಣಗಳು ಮೆಲ್ಲಮೆಲ್ಲನೆ ಬರುವುದರಿಂದ ಅವನ್ನು ರೋಗವೆಂದು ಗುರುತಿಸುವುದು ತಡವಾಗುತ್ತದೆ: ದಣಿವು, ಚಳಿ ತಡೆಯದಿರುವುದು, ಮಲಬದ್ಧತೆ, ಒಣಗಿದ ಚರ್ಮ, ಉದುರುವ ಕೂದಲು, ದಪ್ಪವಾದ ದನಿ, ಬೆಳಿಗ್ಗೆ ಊದಿಕೊಂಡಿರುವ ಕಣ್ಣರೆಪ್ಪೆ, ಹೆಚ್ಚು ದಿನ ಹೋಗುವ ಮುಟ್ಟು, ನಿಧಾನವಾದ ನಾಡಿ, ಏರಿದ ಕೊಲೆಸ್ಟರಾಲು. ಮನೆಕೆಲಸ ಹೊಲಗೆಲಸಗಳ ನಡುವೆ ಇರುವ ಹೆಂಗಸು ಇದನ್ನೆಲ್ಲ ವಯಸ್ಸಿನ ಅಥವಾ ದುಡಿಮೆಯ ಫಲವೆಂದು ಸಹಿಸಿಕೊಳ್ಳುವುದೇ ಹೆಚ್ಚು. ಅತ್ಯಂತ ಉಪೇಕ್ಷಿತ ಸಂದರ್ಭಗಳಲ್ಲಿ ಪ್ರಜ್ಞೆ ತಪ್ಪಿ ಪ್ರಾಣಾಪಾಯ ಒದಗುವುದುಂಟು.

ಜನ್ಮಜಾತ ಊನಸ್ರಾವವೆಂಬುದು ಗ್ರಂಥಿಯೇ ರೂಪುಗೊಳ್ಳದೆ ಅಥವಾ ಸರಿಯಾಗಿ ಕೆಲಸ ಮಾಡದೆ ಹುಟ್ಟಿದ ಮಕ್ಕಳ ಸ್ಥಿತಿ. ಇಂಥ ಮಗು ಹುಟ್ಟಿದಾಗ ನೋಡಲು ಆರೋಗ್ಯವಾಗಿಯೇ ಇರುವುದು. ಹೆಚ್ಚು ಅಳದು, ಹೆಚ್ಚು ಮಲಗುವುದು, ಹಾಲಿಗೆ ಹಟ ಮಾಡದು; ‘ಬಲು ಸಾಧು ಮಗು’ ಎಂದು ಮನೆಯವರು ಸಂತೋಷಪಡುವ ಆ ವಾರಗಳಲ್ಲಿಯೇ ಮಿದುಳಿನ ಬೆಳವಣಿಗೆ ಕುಂದುತ್ತಿರುತ್ತದೆ. ಕಾಮಾಲೆ ಬಹುದಿನ ಉಳಿಯುವುದು, ಹೊಕ್ಕುಳು ಉಬ್ಬುವುದು, ನಾಲಗೆ ದಪ್ಪವಾಗಿ ಹೊರಚಾಚುವುದು ಬಳಿಕ ಕಾಣುವ ಚಿಹ್ನೆಗಳು.

ಅತಿಸ್ರಾವ

ಐರ್ಲೆಂಡಿನ ಗ್ರೇವ್ಸ್ 1835ರಲ್ಲಿ ವರ್ಣಿಸಿದ ರೋಗದಲ್ಲಿ, ಟಿ.ಎಸ್.ಎಚ್. ಕೂರಬೇಕಾದ ಗ್ರಾಹಕಗಳಲ್ಲಿ ಪ್ರತಿಕಾಯಗಳು ಕುಳಿತು ಗ್ರಂಥಿಯನ್ನು ಎಡೆಬಿಡದೆ ದುಡಿಸುತ್ತವೆ. ಚೆನ್ನಾಗಿ ಉಣ್ಣುತ್ತಿದ್ದರೂ ಮೈ ಇಳಿಯುವುದು, ಎದೆ ಡವಗುಟ್ಟುವುದು, ಚಾಚಿದ ಬೆರಳುಗಳು ನಡುಗುವುದು, ಸೆಕೆ ತಡೆಯದಿರುವುದು, ನಿದ್ದೆಗೇಡು, ಸಿಡುಕು, ಹಲವರಲ್ಲಿ ಕಣ್ಣುಗುಡ್ಡೆಗಳು ಮುಂಚಾಚುವುದು ಇದರ ಲಕ್ಷಣಗಳು. ವಯಸ್ಸಾದವರಲ್ಲಿ ಈ ಯಾವುದೂ ಸ್ಪಷ್ಟವಾಗಿಲ್ಲದೆ ಹೃದಯದ ಲಯಭಂಗವೊಂದೇ ತೋರಬಹುದು. ಗ್ರಂಥಿಯೊಳಗಿನ ಗಂಟುಗಳು ಹತೋಟಿ ತಪ್ಪಿ ಹಾರ್ಮೋನು ತಯಾರಿಸುವುದೂ, ಉರಿಯೂತದಿಂದ ದಾಸ್ತಾನು ಒಮ್ಮೆಲೇ ಸೋರುವುದೂ ಬೇರೆ ಕಾರಣಗಳು.

ಅಯೋಡಿನ್, ಗಳಗಂಡ ಮತ್ತು ಕೊಳತ್ತೂರು ಸೀಮೆ

ವಯಸ್ಕರಿಗೆ ದಿನವೊಂದಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ 250. ಎಪ್ಪತ್ತು ವರ್ಷದ ಬಾಳಿಗೆಲ್ಲ ಸೇರಿಸಿದರೂ ಒಟ್ಟು ನಾಲ್ಕು ಗ್ರಾಮನ್ನು ಮುಟ್ಟದ ಈ ದ್ರವ್ಯವನ್ನು ದೇಹವು ಹೆಚ್ಚು ಕಾಲ ಕೂಡಿಡಲಾರದಾದುದರಿಂದ ದಿನದಿನವೂ ಅದು ದೊರೆಯುತ್ತಿರಬೇಕು. ಅಯೋಡಿನ್ನಿನ ನೆಲೆ ಸಮುದ್ರ. ಮಳೆಯಿಂದ ತೊಳೆದುಹೋದ ಬೆಟ್ಟದ ತಪ್ಪಲುಗಳಲ್ಲಿಯೂ ಕಡಲಿಗೆ ದೂರವಾದ ಒಳನಾಡುಗಳಲ್ಲಿಯೂ ಮಣ್ಣಿನಲ್ಲಿ ಅದು ಕಡಿಮೆಯಾಗಿ, ಅಲ್ಲಿ ಬೆಳೆದ ಧಾನ್ಯದಲ್ಲಿಯೂ ಕಡಿಮೆಯಾಗುವುದು.

ಕೊಳತ್ತೂರು ಅಂಥ ಒಳನಾಡಿನ ಊರು. ತಮಿಳುನಾಡಿನ ಸೇಲಂ ಜಿಲ್ಲೆಯ ಮೆಟ್ಟೂರು ತಾಲೂಕಿನಲ್ಲಿ, 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನ ಸನಿಹದಲ್ಲಿ, ಪಾಲಾರ್ ಹೊಳೆ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಹಾದಿಯಲ್ಲಿ ಅದಿದೆ. ಆ ಹಾದಿಯ ಮೇಲ್ಗಡೆಯ ಕೊಳ್ಳೇಗಾಲ ಸೀಮೆಯು 1956ರವರೆಗೆ ಮದ್ರಾಸು ರಾಜ್ಯಕ್ಕೇ ಸೇರಿದ್ದಿತಾಗಿ, ಸೇಲಂ ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಮಾತಿನ ಕುಟುಂಬಗಳಿಗೂ ಗಡಿಯಾಚೆಯವರಿಗೂ ಉಣಿಸು ಬಹುಮಟ್ಟಿಗೆ ಒಂದೇ: ರಾಗಿ, ಕಡಲೇಕಾಯಿ, ಅವರೆ ಹುರುಳಿಗಳು, ಜಲಾಶಯದ ಮೀನು. ಸಿಹಿನೀರಿನ ಮೀನಿನಲ್ಲಿ ಅಯೋಡಿನ್ನು ಕಡಲಮೀನಿನಷ್ಟಿರುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಈ ಸೀಮೆಯು ಹಿಮಾಲಯದ ತಪ್ಪಲಿನಂತೆ ಗಳಗಂಡಕ್ಕೆ ಹೆಸರಾದುದಲ್ಲ. ಆದರೆ ಅಯೋಡಿನ್ ಕೊರತೆಯು ಬೆಟ್ಟಗಳಿಗಷ್ಟೇ ಸೀಮಿತವೆಂಬ ಹಳೆಯ ನಂಬಿಕೆಯನ್ನು ದೇಶದ ಬಯಲುನಾಡುಗಳಲ್ಲಿ ನಡೆದ ಸಮೀಕ್ಷೆಗಳು ಸುಳ್ಳಾಗಿಸಿವೆ.

ಈ ನೆಲದ ಎರಡು ಬೆಳೆಗಳು ಥೈರಾಯ್ಡಿನ ಶಾಸ್ತ್ರದಲ್ಲಿ ಸ್ಥಾನ ಪಡೆದಿವೆ. ಒಂದು ಮರಗೆಣಸು, ಸೇಲಂ ಕಡೆಯ ತಮಿಳಿನಲ್ಲಿ ಕುಚ್ಚಿಕಿಳಂಗು. ಎರಡನೆಯ ಮಹಾಯುದ್ಧದಲ್ಲಿ ಮಲಯದಿಂದ ಬರುತ್ತಿದ್ದ ಸಬ್ಬಕ್ಕಿ ನಿಂತುಹೋದಾಗ, 1943ರ ಸುಮಾರಿಗೆ ಸೇಲಮಿನಲ್ಲಿ ಈ ಗೆಣಸಿನ ಹಿಟ್ಟಿನಿಂದ ಅದನ್ನು ತಯಾರಿಸಲಾರಂಭಿಸಿದರು. ಇಂದು ದೇಶದ ಸಬ್ಬಕ್ಕಿಯ ಪ್ರಧಾನ ಕೇಂದ್ರ ಆ ಜಿಲ್ಲೆಯೇ. ಮರಗೆಣಸಿನಲ್ಲಿರುವ ಲಿನಮರಿನ್ ಎಂಬ ದ್ರವ್ಯವು ಒಡೆದು ಸಯನೈಡು ಬಿಡುಗಡೆಯಾಗುವುದು, ಅದನ್ನು ದೇಹವು ಥಯೊಸಯನೇಟ್ ಆಗಿ ಮಾರ್ಪಡಿಸುವುದು, ಆ ಥಯೊಸಯನೇಟು ಗ್ರಂಥಿಯ ಬಾಗಿಲಲ್ಲಿ ಅಯೋಡೈಡಿನೊಡನೆ ಸ್ಪರ್ಧಿಸಿ ಅದನ್ನು ತಡೆಯುವುದು. ಮಧ್ಯ ಆಫ್ರಿಕದ ಕೀವು ಸರೋವರದ ಇಡ್ಜ್ವಿ ದ್ವೀಪದಲ್ಲಿ, ಸರಿಯಾಗಿ ನೆನೆಸದ ಮರಗೆಣಸೂ ಅಯೋಡಿನ್ ಕೊರತೆಯೂ ಕೂಡಿ ಗಳಗಂಡವನ್ನು ವ್ಯಾಪಕವಾಗಿಸಿದ್ದವು. ಸಿಪ್ಪೆ ಸುಲಿದು, ತುಂಡರಿಸಿ, ಬೇಯಿಸಿದ ನೀರನ್ನು ಬಸಿದು ಚೆಲ್ಲುವ ನಮ್ಮ ಅಡಿಗೆಯ ಕ್ರಮವು ವಿಷಾಂಶವನ್ನು ಬಹುವಾಗಿ ತೆಗೆಯುತ್ತದೆ. ತೊಳೆತೊಳೆದು ತೆಗೆದ ಪಿಷ್ಟದಿಂದಾದ ಸಬ್ಬಕ್ಕಿಗಂತೂ ಈ ದೋಷ ತಟ್ಟದು.

ಮತ್ತೊಂದು ಕಡಲೇಕಾಯಿ. ಮದ್ರಾಸಿನಲ್ಲಿ ಶ್ರೀನಿವಾಸನ್, ಮೌದ್ಗಲ್ ಮತ್ತು ಶರ್ಮಾ ಎಂಬ ಸಂಶೋಧಕರು ಕಡಲೇಬೀಜವನ್ನೇ ಮುಖ್ಯ ಆಹಾರವಾಗಿ ಕೊಟ್ಟ ಇಲಿಗಳಲ್ಲಿ ಥೈರಾಯ್ಡ್ ದಪ್ಪವಾಗುವುದನ್ನು 1957ರಲ್ಲಿ ಪ್ರಕಟಿಸಿದರು. ದೋಷವು ಬೀಜದ ಕೆಂಪು ಸಿಪ್ಪೆಯಲ್ಲಿದೆಯೆಂದೂ ಅಯೋಡಿನ್ ಕೊಟ್ಟರೆ ಅದು ಪರಿಹಾರವಾಗುವುದೆಂದೂ ತಿಳಿದುಬಂದಿತು. ಮನುಷ್ಯರು ತಿನ್ನುವ ಪ್ರಮಾಣದಲ್ಲಿ ಕಡಲೇಕಾಯಿಗೆ ಹೆದರಬೇಕಾದ ಕಾರಣವಿಲ್ಲ. ಎಲೆಕೋಸು, ನವಿಲುಕೋಸುಗಳ ಮಾತೂ ಹಾಗೆಯೇ. ಇವುಗಳಲ್ಲಿ ಯಾವುದೂ ಅಯೋಡಿನ್ ಸಾಕಷ್ಟಿರುವವನಿಗೆ ಗಳಗಂಡವನ್ನು ತರಲಾರದು.

ಉಪ್ಪಿನ ಮೂಲಕ ನಿವಾರಣೆ

ಬಡವ ಬಲ್ಲಿದರೆಲ್ಲರೂ ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುವ ಪದಾರ್ಥವಾದುದರಿಂದ ಅಯೋಡಿನ್ನಿಗೆ ಉಪ್ಪನ್ನೇ ವಾಹನವಾಗಿ ಆರಿಸಿದರು. ಸ್ವಿಟ್ಜರ್ಲೆಂಡಿನಲ್ಲಿ ಇದು 1922ರಲ್ಲಿ ಮೊದಲಾಯಿತು. ಭಾರತದಲ್ಲಿ ವುಳಿಮಿರಿ ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು 1956ರಲ್ಲಿ ಕಾಂಗ್ರಾ ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಸೇರಿದ ಉಪ್ಪನ್ನೂ ನಡುವಿನದಕ್ಕೆ ಬರಿಯ ಉಪ್ಪನ್ನೂ ಹಂಚಿಸಿ, ಐದಾರು ವರ್ಷಗಳಲ್ಲಿ ಮೊದಲಿನ ಎರಡರಲ್ಲಿ ಗಳಗಂಡ ಸ್ಪಷ್ಟವಾಗಿ ಇಳಿದುದನ್ನು ತೋರಿಸಿದರು. ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವು 1962ರಲ್ಲಿ ಆರಂಭವಾಗಿ, 1992ರಲ್ಲಿ ಅಯೋಡಿನ್ ಕೊರತೆಯ ಎಲ್ಲ ವ್ಯಾಧಿಗಳನ್ನೂ ಒಳಗೊಳ್ಳುವಂತೆ ಹೆಸರು ಬದಲಾಯಿಸಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕಾಗಿ ಮಾರುವುದರ ಮೇಲಿನ ದೇಶವ್ಯಾಪಿ ನಿಷೇಧವನ್ನು 2000ದಲ್ಲಿ ತೆಗೆದುಹಾಕಿದ್ದು ದುಡುಕಿನ ಕ್ರಮವಾಗಿತ್ತು. 2006ರ ಮೇ ತಿಂಗಳಿನಿಂದ ಅದು ಮತ್ತೆ ಜಾರಿಯಲ್ಲಿದೆ. ತಮಿಳುನಾಡು ಸರಕಾರದ ಉಪ್ಪಿನ ನಿಗಮದ ತಯಾರಿಕೆಯು 2014ರಿಂದ ‘ಅಮ್ಮಾ ಉಪ್ಪು’ ಎಂಬ ಹೆಸರಿನಲ್ಲಿಯೂ ಮಾರಾಟವಾಯಿತು. ಅದರಲ್ಲಿ ಕಬ್ಬಿಣ, ಅಯೋಡಿನ್ ಎರಡೂ ಸೇರಿದ ಬಗೆಯೊಂದಿತ್ತು.

ನಿಯಮದ ಪ್ರಕಾರ ಕೊಳ್ಳುವವರ ಕೈಸೇರುವಾಗ ಉಪ್ಪಿನ ಹತ್ತು ಲಕ್ಷ ಪಾಲಿನಲ್ಲಿ 15 ಪಾಲಿಗೆ ಕಡಿಮೆಯಿಲ್ಲದಂತೆ ಅಯೋಡಿನ್ ಇರತಕ್ಕದ್ದು. ಈ ಕನಿಷ್ಠ ಲೆಕ್ಕದಲ್ಲಿಯೂ ಹತ್ತು ಗ್ರಾಂ ಉಪ್ಪಿನಲ್ಲಿ ದಿನದ 150 ಮೈಕ್ರೊಗ್ರಾಂ ದೊರೆಯುವುದು. ತೇವ, ಬಿಸಿಲು, ಒಲೆಯ ಝಳಗಳಿಗೆ ಉಪ್ಪಿನ ಅಯೋಡಿನ್ನು ಕುಂದುತ್ತದೆ. ಮಣ್ಣಿನ ಮಡಕೆಯಲ್ಲಿ ತೆರೆದಿಟ್ಟ ಕಲ್ಲುಪ್ಪು, ಅದರಲ್ಲಿಯೂ ತೊಳೆದು ಬಳಸುವ ಕಲ್ಲುಪ್ಪು, ಈ ದೃಷ್ಟಿಯಿಂದ ದುರ್ಬಲವಾದುದು. ಆರೋಗ್ಯ ಕಾರ್ಯಕರ್ತೆಯರು ಮನೆಮನೆಯಲ್ಲಿ ಮಾಡುವ ಪರೀಕ್ಷೆ ಸರಳವಾದುದು: ಒಂದು ಚಮಚೆ ಉಪ್ಪನ್ನು ತಟ್ಟೆಯಲ್ಲಿ ಹರಡಿ, ಪಿಷ್ಟವೂ ಆಮ್ಲವೂ ಕೂಡಿದ ದ್ರಾವಣದ ಹನಿಯೊಂದನ್ನು ಬಿಟ್ಟರೆ, ಅಯೋಡಿನ್ ಇದ್ದಲ್ಲಿ ಬಿಳಿಯ ಹರಳುಗಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗುವುವು, ಇಲ್ಲದಿದ್ದಲ್ಲಿ ಬಿಳುಪಾಗಿಯೇ ಉಳಿಯುವುವು.

ಚಿಕಿತ್ಸೆ

ಊನಸ್ರಾವಕ್ಕೆ ಲೆವೊಥೈರಾಕ್ಸಿನ್ ಮಾತ್ರೆ, ಬಹುಪಾಲು ಜನರಿಗೆ ಜೀವನಪರ್ಯಂತ. ಇದು ಹೊರಗಿನ ಮದ್ದೆನ್ನುವುದಕ್ಕಿಂತ ದೇಹವು ತಯಾರಿಸಲಾರದ ದ್ರವ್ಯದ ಭರ್ತಿ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಕಾಫಿಗೂ ತಿಂಡಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ತಡೆಯಬೇಕು. ಕಬ್ಬಿಣದ ಮತ್ತು ಸುಣ್ಣದಂಶದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಬೇಕು. ಗರ್ಭಿಣಿಯರಿಗೆ ಇವೆಲ್ಲವನ್ನೂ ಒಟ್ಟಿಗೆ ಬರೆದುಕೊಡುವುದರಿಂದ ಈ ಸೂಚನೆ ಅವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಗರ್ಭ ನಿಂತಿತೆಂದು ತಿಳಿದೊಡನೆ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬರುವುದೇ ಸಾಮಾನ್ಯ. ಅಯೋಡಿನ್ ಉಪ್ಪು ಕೊರತೆಯನ್ನು ತಡೆಯುವುದೇ ಹೊರತು ಹಶಿಮೊಟೊ ರೋಗಿಗೆ ಮಾತ್ರೆಯ ಬದಲಿಯಾಗಲಾರದು.

ಅತಿಸ್ರಾವಕ್ಕೆ ಕಾರ್ಬಿಮಜೋಲ್ ಮೊದಲಾದ ಔಷಧಗಳು, ವಿಕಿರಣಶೀಲ ಅಯೋಡಿನ್, ಶಸ್ತ್ರಕ್ರಿಯೆ ಎಂದು ಮೂರು ಮಾರ್ಗಗಳಿವೆ. ಕಾರ್ಬಿಮಜೋಲ್ ಸೇವಿಸುವವರಿಗೆ ಜ್ವರವೂ ಗಂಟಲುನೋವೂ ಬಂದರೆ ಬಿಳಿಯ ರಕ್ತಕಣಗಳು ಕುಸಿದಿರಬಹುದಾದುದರಿಂದ ಮಾತ್ರೆಯನ್ನು ನಿಲ್ಲಿಸಿ ತಡಮಾಡದೆ ರಕ್ತಪರೀಕ್ಷೆ ಮಾಡಿಸತಕ್ಕದ್ದು.

ಪ್ರಸ್ತುತ ಸ್ಥಿತಿ

ಬೆಂಗಳೂರು, ಚೆನ್ನೈಗಳನ್ನೊಳಗೊಂಡು ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 11 ಮಂದಿಗೆ ಊನಸ್ರಾವವಿದ್ದುದು ಕಂಡುಬಂದಿತು. ಗಳಗಂಡ ಇಳಿದಿದೆ, ಸ್ವರಕ್ಷಣಾವ್ಯವಸ್ಥೆಯಿಂದಾಗುವ ರೋಗವು ಈಗ ಮುಂದೆ ನಿಂತಿದೆ. ಜನ್ಮಜಾತ ಊನಸ್ರಾವವು ಭಾರತದಲ್ಲಿ ಸಾವಿರದ ಆಸುಪಾಸಿನಷ್ಟು ಜನನಗಳಿಗೆ ಒಂದರಂತೆ ಕಂಡುಬಂದಿದೆ, ಆದರೂ ನವಜಾತ ಶಿಶುಗಳ ಪರೀಕ್ಷೆಯು ದೇಶದ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲಿ ಇನ್ನೂ ಕಡ್ಡಾಯವಾಗಿಲ್ಲ. ಹುಟ್ಟಿ ಎರಡು ದಿನಗಳಾದ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಟಿ.ಎಸ್.ಎಚ್. ಅಳೆದರೆ ಇದು ಪತ್ತೆಯಾಗುವುದು. ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ತೊಡಗಿದ ಮಗು ಸಾಮಾನ್ಯವಾಗಿ ಓರಗೆಯವರಂತೆಯೇ ಓದಿ ಬೆಳೆಯುವುದು. ಕೊಳತ್ತೂರಿನಲ್ಲಾಗಲಿ ಕೊಳ್ಳೇಗಾಲದಲ್ಲಾಗಲಿ ಹೆರಿಗೆಯಾದ ತಾಯಿಯನ್ನು ಮನೆಗೆ ಕರೆದೊಯ್ಯುವ ಮುನ್ನ ಆ ಪರೀಕ್ಷೆ ಆಗಿದೆಯೇ ಎಂದು ಮನೆಯವರು ಕೇಳಿ ತಿಳಿದುಕೊಳ್ಳಬೇಕು, ಆಗಿರದಿದ್ದರೆ ಮಾಡಿಸಬೇಕು.